ಕಾರು ಜರ್ಮನಿದು, ಟೈರು ದೇವರದ್ದು

ಪೋಸ್ಟ್ 1

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಒಟ್ಟು ಹತ್ತು ಪೋಸ್ಟ್. ಹತ್ತೂ ಓದೋಕೆ ಟೈಮಿಲ್ಲ ಅನ್ನೋರು ಈ ಮೊದಲನೇ ಫೋಟೋ ಒಂದನ್ನ ಜೂಮ್ ಮಾಡಿ ನೋಡಿ. ಕಪ್ಪು ರಬ್ಬರ್ ಮೇಲೆ ಉದ್ದುದ್ದ ಗುಂಡಗೆ ಒಂದು ಗೆರೆ, ಅದರೊಳಗೆ ನಾಲ್ಕು ಅಂಕಿ: 1416. ಅದೇನು ಅಂತ ನಾಲ್ಕನೇ ಪೋಸ್ಟಲ್ಲಿ ಹೇಳ್ತೀನಿ. ಅದು ಗೊತ್ತಿದ್ದಿದ್ರೆ ಜುಲೈನಲ್ಲಿ ನಾವು ಐದು ಜನ ಸಾಯೋ ಹತ್ರ ಹೋಗ್ತಿರ್ಲಿಲ್ಲ.

ಎರಡನೇ ಫೋಟೋ ನಿಮಗೆಲ್ಲ ಗೊತ್ತಿರೋದೇ. ಸೋಗಾನೆ ಏರ್‌ಪೋರ್ಟ್ ರೋಡಲ್ಲಿ ನಮ್ಮ ಅಣ್ಣನ ಬಿಎಂಡಬ್ಲ್ಯು. ಅಣ್ಣ ಅಂದ್ರೆ ದೊಡ್ಡಪ್ಪನ ಮಗ. 2014ರ ಮಾಡೆಲ್ 3 ಸಿರೀಸ್, ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಆ ಕಾರಿನ ಮುಂದೆ ನಿಂತು ರೀಲ್ಸ್ ಮಾಡದೇ ಇರೋರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಇದೀರ? ಕೈ ಎತ್ತಿ. ನಾನೂ ಮಾಡಿದ್ದೀನಿ, ನಾಚಿಕೆ ಇಲ್ಲ. ಆದ್ರೆ ಯಾರಾದ್ರೂ ಒಬ್ರು ಕ್ಯಾಮೆರಾ ಒಂದಡಿ ಕೆಳಗಿಳಿಸಿ ಟೈರ್ ತೋರಿಸಿದ್ದೀರಾ? ಇಲ್ಲ. ಬಾನೆಟ್ ಮೇಲಿನ ಲೋಗೋ ತೋರಿಸಿದ್ದೀವಿ, ಸನ್‌ರೂಫ್ ತೋರಿಸಿದ್ದೀವಿ, ಅಷ್ಟೇ.

ಈಗ ಯಾಕೆ ಬರೀತಿದ್ದೀನಿ ಅಂದ್ರೆ, ಕಾರ್ತಿಕದಲ್ಲಿ ನಮ್ಮಕ್ಕನ ಮದುವೆ. ಛತ್ರ ಶಿವಮೊಗ್ಗದಲ್ಲಿ, ಗಂಡಿನ ಮನೆ ಹೆಬ್ರಿ ಕಡೆ. ಅಂದ್ರೆ ಸಂಜೆ ಅಕ್ಕನ್ನ ಕರ್ಕೊಂಡು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳೀಬೇಕು. ಮದುಮಗಳ ಕಾರು ಯಾವುದು? ಇನ್ಯಾವುದು, ಇದೇ. ಹೂವಿನ ಡೆಕೊರೇಷನ್‌ಗೆ ಆಗ್ಲೇ ಅಡ್ವಾನ್ಸ್ ಕೊಟ್ಟಾಗಿದೆ. ಟೈರ್ ಬಗ್ಗೆ ಮನೇಲಿ ಇನ್ನೂ ಜಗಳ ನಡೀತಿದೆ. ಈ ಭಾನುವಾರದೊಳಗೆ ತೀರ್ಮಾನ ಆಗ್ಬೇಕು.

ಅಣ್ಣ ಇದನ್ನ ಓದ್ತಾನೆ ಅಂತ ಗೊತ್ತು. ಓದ್ಲಿ ಅಂತಾನೇ ಬರೀತಿದ್ದೀನಿ.

ಪೋಸ್ಟ್ 2

ಫೋಟೋ: ಮಂಡಗದ್ದೆ ಹತ್ರ ರಸ್ತೆ ಪಕ್ಕದ ಮಣ್ಣಿನ ದಿಣ್ಣೆ. ಅದರ ಮೇಲೆ ಕಾಣ್ತಿರೋ ಗೀರು ನಮ್ಮ ಕಾರಿಂದು.

ಜುಲೈ, ಭಾನುವಾರ. ತೀರ್ಥಹಳ್ಳಿಯಿಂದ ವಾಪಸ್ ಬರ್ತಿದ್ವಿ. ನಾಲ್ಕು ಜನ ಫ್ರೆಂಡ್ಸ್, ಸ್ಟೇರಿಂಗಲ್ಲಿ ಅಣ್ಣ. ಮಳೆ ಅಂದ್ರೆ ನಮ್ಮ ಕಡೆ ಮಳೆ, ನಿಮಗೇನು ಹೇಳೋದು. ಎಡಕ್ಕೆ ತುಂಗೆ ಕೆಂಪಗೆ ತುಂಬಿ ಹರೀತಿದ್ಲು. ಸ್ಪೀಡು ಎಂಬತ್ತೈದು ಇರಬಹುದು. ಆ ಮಳೇಲಿ ಆ ಸ್ಪೀಡು ತಪ್ಪೇ. ಅದನ್ನ ಮುಚ್ಚಿಡಲ್ಲ. ನಿಧಾನ ಹೋಗು ಅಂತ ಹಿಂದೆ ಕೂತ ನಾವ್ಯಾರೂ ಹೇಳ್ಲೂ ಇಲ್ಲ.

ರಸ್ತೆ ತಗ್ಗಲ್ಲಿ ನೀರು ನಿಂತಿತ್ತು. ಕಾರು ಅದರ ಮೇಲೆ ಹೋಯ್ತು. ಸ್ಟೇರಿಂಗ್ ಒಮ್ಮೆಲೇ ಹಗುರ ಆಯ್ತಂತೆ, ಅಣ್ಣ ಆಮೇಲೆ ಹೇಳಿದ್ದು. ನನಗೆ ಗೊತ್ತಾಗಿದ್ದು ಇಷ್ಟೇ: ಮುಂದೆ ನೋಡ್ತಿದ್ದೋನು ಇದ್ದಕ್ಕಿದ್ದ ಹಾಗೆ ಪಕ್ಕದ ಮರಗಳನ್ನ ನೋಡ್ತಿದ್ದೆ. ಕಾರು ಅಡ್ಡ ತಿರುಗಿತ್ತು. ಎದುರಿಂದ ಒಬ್ಬ ಅಜ್ಜ, ಟಿವಿಎಸ್ ಎಕ್ಸೆಲ್ ಮೇಲೆ ಹುಲ್ಲಿನ ಹೊರೆ, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಅವರು ಗಾಡಿ ಬಿಟ್ಟು ಪಕ್ಕಕ್ಕೆ ಹಾರಿದ್ರು. ನಾವು ದಿಣ್ಣೆಗೆ ಒರೆಸಿಕೊಂಡು ನಿಂತ್ವಿ. ಅವರ ಗಾಡಿಗೂ ನಮ್ಮ ಬಂಪರ್‌ಗೂ ಮಧ್ಯ ಒಂದು ಮೊಳ ಜಾಗ.

ಯಾರಿಗೂ ಏನೂ ಆಗ್ಲಿಲ್ಲ. ಅಜ್ಜ ಬಯ್ಲಿಲ್ಲ. ಹುಲ್ಲು ಎತ್ತಿ ಕಟ್ಟೋಕೆ ನಾವು ಕೈ ಹಾಕಿದ್ವಿ. ಹೋಗೋವಾಗ ಒಂದು ಮಾತಂದ್ರು: "ನಿಮ್ದು ದೊಡ್ಡ ಕಾರು, ನಿಮಗೇನಾಗ್ತಿರ್ಲಿಲ್ಲ ಬಿಡಿ."

ನನ್ನ ಸಿಟ್ಟು ಶುರುವಾಗಿದ್ದು ಅಲ್ಲೇ. ಏರ್‌ಬ್ಯಾಗ್ ಇರೋದು ನಮಗೆ. ಆ ಅಜ್ಜನ ಏರ್‌ಬ್ಯಾಗ್ ಯಾವುದು? ನಮ್ಮ ಟೈರು. ರಸ್ತೇಲಿ ಎದುರು ಬರೋರಿಗೆ ನಿಮ್ಮ ಲಕ್ಷುರಿ ಕಾರಿಂದ ಸಿಗೋ ಭದ್ರತೆ ಅಂದ್ರೆ ಅದು ಟೈಮಿಗೆ ನಿಲ್ಲೋದು, ಅಷ್ಟೇ. ಅಲ್ಲಿ ದುಡ್ಡು ಉಳಿಸೋದು ನಿಮ್ಮ ದುಡ್ಡು ಉಳಿಸಿದ ಹಾಗಲ್ಲ. ಅವರ ಪ್ರಾಣದ ಲೆಕ್ಕದಲ್ಲಿ ಸಾಲ ಮಾಡಿದ ಹಾಗೆ.

ಪೋಸ್ಟ್ 3

ಫೋಟೋ: ಚಿಕ್ಕಪ್ಪನ ಅಂಗೈ.

ನಮ್ಮ ಚಿಕ್ಕಪ್ಪಂದು ಬಿ.ಎಚ್. ರಸ್ತೇಲಿ ಪಂಚರ್ ಅಂಗಡಿ. ಮಾರನೇ ದಿನ ಕಾರು ಅಲ್ಲಿಗೆ ಹೋಯ್ತು. ಅವರು ಮೊದಲು ಗಾಳಿ ಚೆಕ್ ಮಾಡಿದ್ರು. ಹಿಂದಿನ ಎರಡೂ ಟೈರಲ್ಲಿ 25. ಆಮೇಲೆ ನನ್ನ ಮುಂದೆ ಅಂಗೈ ಚಾಚಿ, "ಕಾರು ನೆಲ ಮುಟ್ಟಿರೋದು ಇಂಥಾ ನಾಲ್ಕು ಜಾಗದಲ್ಲಿ ಕಣೋ. ಒಂದೂವರೆ ಟನ್ ಕಾರು, ಮೇಲೆ ನೀವು ಐದು ಜನ" ಅಂದ್ರು.

ಈಗ ಸ್ವಲ್ಪ ಲೆಕ್ಕ. ಭಯ ಬೀಳ್ಬೇಡಿ, ವರ್ಗಮೂಲ ಅಷ್ಟೇ.

ನಮ್ಮೂರಲ್ಲಿ ಜೈಲೂ ಇದೆ, ವಿಮಾನ ನಿಲ್ದಾಣವೂ ಇದೆ. ಜೈಲು ಬಿಡಿ. ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲನೇ ವಿಮಾನ ಬಂತು. ರನ್‌ವೇ ಉದ್ದ 3,200 ಮೀಟರ್. ಮಳೇಲಿ ರನ್‌ವೇ ಮೇಲೆ ವಿಮಾನ ಜಾರೋದು ಹೇಗೆ ಅಂತ ಅಮೆರಿಕದ ನಾಸಾದವರು 1960ರ ದಶಕದಲ್ಲೇ ಪರೀಕ್ಷೆ ಮಾಡಿ ಒಂದು ಸರಳ ಸೂತ್ರ ಕೊಟ್ರು. ಟೈರಿನ ಗಾಳಿ ಪಿಎಸ್‌ಐ ಲೆಕ್ಕದಲ್ಲಿ ಎಷ್ಟಿದೆಯೋ ಅದರ ವರ್ಗಮೂಲ ತಗೊಂಡು 9ರಿಂದ ಗುಣಿಸಿ. ಬಂದದ್ದು ನಾಟ್ ಲೆಕ್ಕದ ವೇಗ. ಆ ವೇಗಕ್ಕೆ ಟೈರು ನೀರನ್ನ ಪಕ್ಕಕ್ಕೆ ತಳ್ಳೋಕಾಗದೆ ನೀರಿನ ಮೇಲೇ ತೇಲುತ್ತೆ. ಇದಕ್ಕೆ ಹೈಡ್ರೋಪ್ಲೇನಿಂಗ್ ಅಂತಾರೆ.

ಇದನ್ನ ಕಾರಿಗೂ ಸುಮಾರಾಗಿ ಹಾಕಿ ನೋಡ್ಬಹುದು. ಗಾಳಿ 36 ಇದ್ರೆ ವರ್ಗಮೂಲ 6, ಒಂಬತ್ತಾರು 54 ನಾಟ್, ಅಂದ್ರೆ ಗಂಟೆಗೆ 100 ಕಿಲೋಮೀಟರ್. ಗಾಳಿ 25 ಇದ್ರೆ ವರ್ಗಮೂಲ 5, ಒಂಬತ್ತೈದು 45 ನಾಟ್, ಅಂದ್ರೆ 83 ಕಿಲೋಮೀಟರ್. ನಾವು ಹೋಗ್ತಿದ್ದಿದ್ದು ಎಂಬತ್ತೈದು.

ಟೈರಿನ ಗಾಡಿ, ಅಂದ್ರೆ ಥ್ರೆಡ್, ಆಳವಾಗಿದ್ರೆ ನೀರು ಅದರೊಳಗೆ ಹರಿದು ಹೋಗುತ್ತೆ, ತೇಲೋದು ತಡ ಆಗುತ್ತೆ. ಥ್ರೆಡ್ ಸವೆದು, ರಬ್ಬರ್ ಗಟ್ಟಿಯಾಗಿ, ಗಾಳೀನೂ ಕಮ್ಮಿ ಇದ್ರೆ? ಮಂಡಗದ್ದೆ.

ಒಂದು ವಿಷಯ ಯೋಚ್ನೆ ಮಾಡಿ. ಸೋಗಾನೆಗೆ ಬರೋ ವಿಮಾನ ಹೊರಡೋ ಮುಂಚೆ ಪೈಲಟ್ ಕೆಳಗಿಳಿದು ಸುತ್ತ ನಡೆದು ಟೈರ್ ನೋಡ್ತಾರೆ. ಪ್ರತಿ ಸಲ. ಅದೇ ಏರ್‌ಪೋರ್ಟ್ ರೋಡಲ್ಲಿ ಕಾರು ನಿಲ್ಲಿಸಿ ರೀಲ್ಸ್ ಮಾಡೋ ನಾವು ತಿಂಗಳಿಗೆ ಒಂದ್ಸಲ ಗಾಳಿ ನೋಡಲ್ಲ.

ಪೋಸ್ಟ್ 4

ಫೋಟೋ: ಮತ್ತೆ ಅದೇ 1416.

ಎಲ್ಲ ಟೈರಿನ ಪಕ್ಕದ ಗೋಡೆ ಮೇಲೂ ಡಿಒಟಿ ಅಂತ ಶುರುವಾಗೋ ಒಂದು ಸಾಲು ಇರುತ್ತೆ. ಅದರ ಕೊನೇ ನಾಲ್ಕು ಅಂಕಿ ಆ ಟೈರಿನ ಜನ್ಮಪತ್ರ. ಮೊದಲ ಎರಡು ವಾರ, ಕೊನೇ ಎರಡು ವರ್ಷ. 1416 ಅಂದ್ರೆ 2016ನೇ ಇಸವಿಯ 14ನೇ ವಾರ. ಈ ವರ್ಷ ಅಣ್ಣ ಅದನ್ನ ಕೊಂಡಾಗ ಅದಕ್ಕೆ ಒಂಬತ್ತು ವರ್ಷ. ಒಳಗಡೆ ಮುಖ ಮಾಡಿ ಕೂರಿಸಿದ್ದರಿಂದ ಈ ಅಂಕಿ ಕಾರಿನ ಕೆಳಗೆ ಮಲಗಿ ನೋಡಿದ್ರೆ ಮಾತ್ರ ಕಾಣ್ತಿತ್ತು.

ಕೊಟ್ಟೋರು ಹೇಳಿದ್ದು: "ಹತ್ತು ಸಾವಿರ ಕಿಲೋಮೀಟರ್ ಓಡಿದ್ದು ಅಷ್ಟೇ ಸಾರ್, ಥ್ರೆಡ್ ನೋಡಿ." ಯಾವ ಅಂಗಡಿ ಅಂತ ಕೇಳ್ಬೇಡಿ, ಹೇಳಲ್ಲ. ಅಂಗಡಿಯೋರ ಹೆಸರು ಹಿಡಿದು ಜಗಳ ಆಡೋಕೆ ಇದನ್ನ ಬರೀತಿಲ್ಲ. ನಾವು ಯಾಕೆ ಆ ಅಂಕಿ ಕೇಳ್ಲಿಲ್ಲ ಅನ್ನೋದು ನನ್ನ ಪ್ರಶ್ನೆ. ಹಾಲಿನ ಪ್ಯಾಕೆಟ್ ಮೇಲೆ ಡೇಟ್ ನೋಡ್ತೀವಿ. ಬನ್ ಮೇಲೆ ನೋಡ್ತೀವಿ. ಟೈರ್ ಮೇಲೆ ನೋಡಲ್ಲ.

ರಬ್ಬರ್ ಓಡಿದ್ರೆ ಮಾತ್ರ ಸವೆಯೋದಲ್ಲ, ಸುಮ್ನೆ ಇದ್ರೂ ಹಳೇದಾಗುತ್ತೆ. ಬಿಸಿಲು, ಗಾಳಿಯ ಆಮ್ಲಜನಕ, ಓಜೋನ್ ಸೇರಿ ಅದನ್ನ ಗಟ್ಟಿ ಮಾಡುತ್ತೆ. ಉಗುರಲ್ಲಿ ಒತ್ತಿದ್ರೆ ಹೊಸ ರಬ್ಬರ್ ಸ್ವಲ್ಪ ತಗ್ಗುತ್ತೆ, ಹಳೇದು ತಗ್ಗಲ್ಲ. ಗಟ್ಟಿ ರಬ್ಬರ್ ಒದ್ದೆ ಡಾಂಬರನ್ನ ಹಿಡಿಯಲ್ಲ. ಐದು ವರ್ಷ ಆದ್ಮೇಲೆ ವರ್ಷಕ್ಕೊಮ್ಮೆ ತಿಳಿದೋರಿಗೆ ತೋರಿಸಿ, ಹತ್ತು ವರ್ಷ ಆದ್ಮೇಲೆ ಚೆನ್ನಾಗಿ ಕಂಡ್ರೂ ಬಿಸಾಕಿ ಅಂತ ಟೈರ್ ಮಾರೋ ಮಿಷೆಲಿನ್ ಕಂಪನಿಯೇ ಹೇಳುತ್ತೆ. ಅದು ಒಬ್ಬರೇ ಮಾಲೀಕರ ಕೈಲಿ ನೆಟ್ಟಗೆ ಇದ್ದ ಟೈರಿನ ಮಾತು. ಯಾರ ಕಾರಲ್ಲಿ, ಯಾವ ಬಿಸಿಲಲ್ಲಿ, ಎಷ್ಟು ಗಾಳೀಲಿ ಓಡಿತ್ತು ಅಂತ ಗೊತ್ತಿಲ್ಲದ ಟೈರಿನ ಮಾತಲ್ಲ.

ಪಾಲ್ ವಾಕರ್ ಗೊತ್ತಲ್ಲ? ಫಾಸ್ಟ್ ಅಂಡ್ ಫ್ಯೂರಿಯಸ್. ಅವರ ವಾಲ್‌ಪೇಪರ್ ಇಟ್ಕೊಂಡೋರು ನಮ್ಮಲ್ಲೇ ಮೂರು ಜನ ಇದೀರ. 2013ರ ನವೆಂಬರ್ 30ಕ್ಕೆ ಅವರು ಹೋಗ್ತಿದ್ದ ಪೋರ್ಶೆ ಕರೇರಾ ಜಿಟಿ ಅಪಘಾತ ಆಯ್ತು. ಓಡಿಸ್ತಿದ್ದೋರು ಅವರ ಸ್ನೇಹಿತರು. ಇಬ್ರೂ ಸತ್ರು. ತನಿಖೆ ಮಾಡಿದೋರು ಮುಖ್ಯ ಕಾರಣ ಅತಿವೇಗ ಅಂದ್ರು. ಜೊತೆಗೆ ಇನ್ನೊಂದನ್ನೂ ಬರೆದ್ರು: ಟೈರಿಗೆ ಒಂಬತ್ತು ವರ್ಷ ಆಗಿತ್ತು.

ಒಂಬತ್ತು. ನಮ್ಮದೂ ಒಂಬತ್ತೇ.

ಪೋಸ್ಟ್ 5

ಫೋಟೋ: ನೋಟ್‌ಬುಕ್ಕಲ್ಲಿ ನಾನು ಬರೆದ ಲೆಕ್ಕ.

"ನಿನಗೇನೋ ಗೊತ್ತು, ದುಡ್ಡು ಯಾರು ಕೊಡ್ತಾರೆ" ಅಂತ ಅಣ್ಣ ಕೇಳ್ದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ನೀತಿ ಹೇಳಿದ್ರೆ ಅದು ಬರೀ ಭಾಷಣ.

ನಮಗೆ ಹೇಳಿದ ರೇಟುಗಳು ಇವು. ಹಳೇ ಟೈರು ನಾಲ್ಕಕ್ಕೆ 16,000. ಹೊಸದು, ಒಳ್ಳೇ ಕಂಪನಿದು, ಸಾಧಾರಣ ಟೈರು ನಾಲ್ಕಕ್ಕೆ 46,000. ಇಂಪೋರ್ಟೆಡ್ ರನ್‌ಫ್ಲಾಟ್ ಆದ್ರೆ 88,000. ಅಣ್ಣ ಮೊದಲನೇದನ್ನ ಆರಿಸ್ದ. 30,000 ಉಳಿಸ್ದ. ಕಾರಿಗೆ ಇನ್ನೂ ಕಂತು ಕಟ್ತಿದ್ದಾನೆ, ಒಪ್ತೀನಿ.

ಆದ್ರೆ ಅದೇ ಅಣ್ಣ ಮದುವೆಗೆ ಅಂತ 19 ಇಂಚಿನ ಅಲಾಯ್ ರಿಮ್ ನೋಡಿ ಬಂದಿದ್ದಾನೆ. ಅದಕ್ಕೆ ಹೇಳಿದ ರೇಟು 85,000. ಹೂವಿನ ಡೆಕೊರೇಷನ್ ಬೇರೆ. ರಿಮ್ಮಿಗೆ ದುಡ್ಡಿದೆ, ರಬ್ಬರಿಗಿಲ್ಲ. ಇದನ್ನ ಬಡತನ ಅಂತ ಕರೀಬೇಡಿ ಮಾರಾಯ್ರೆ. ಬಡತನಕ್ಕೆ ಅವಮಾನ.

ನಿಜವಾಗ್ಲೂ ಕೈಲಿ ಇಲ್ದೋರು ಏನು ಮಾಡ್ತಾರೆ ಗೊತ್ತಾ? ಚಿಕ್ಕಪ್ಪನ ಅಂಗಡಿಗೆ ಬರೋ ಆಟೋದೋರು, ಟಾಟಾ ಏಸ್ ಓಡಿಸೋರು ವಾರಕ್ಕೊಮ್ಮೆ ಗಾಳಿ ಹೊಡೆಸ್ತಾರೆ. ಟೈರ್ ಬೋಳಾಗಕ್ಕೆ ಮುಂಚೆ ಒಂದೊಂದಾಗಿ ದುಡ್ಡು ಕೂಡಿಡ್ತಾರೆ. ಯಾಕೆ? ಆ ಟೈರು ಅವರ ಅನ್ನ. ನಮಗೆ ಕಾರು ಶೋಕಿ, ಅದಕ್ಕೇ ಟೈರು ಕಣ್ಣಿಗೆ ಬೀಳಲ್ಲ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ತೆರಿಗೆ ಬಿಟ್ಟು 10,000 ಇದ್ದ ಟೈರು ಆಗ 12,800, ಈಗ 11,800. ನಾಲ್ಕಕ್ಕೆ 4,000 ಉಳಿತಾಯ. ಹಳೇ ರೇಟಲ್ಲೇ ಹೇಳಿದ್ರೆ ಬಿಲ್ ತೋರಿಸಿ ಅನ್ನಿ.

ಸೆಕೆಂಡ್ ಹ್ಯಾಂಡಲ್ಲಿ ಬಿಎಂಡಬ್ಲ್ಯು ಸಸ್ತಾ ಸಿಗಬಹುದು. ಅದರ ಟೈರು, ಬ್ರೇಕು, ಆಯಿಲ್ಲು ಸೆಕೆಂಡ್ ಹ್ಯಾಂಡ್ ರೇಟಿಗೆ ಸಿಗಲ್ಲ. ಕಾರಿನ ರೇಟು ಕೇಳೋ ದಿನವೇ ನಾಲ್ಕು ಟೈರಿನ ರೇಟೂ ಕೇಳಿ. ಅದನ್ನ ಕೊಡೋಕಾಗಲ್ಲ ಅಂದ್ರೆ ಆ ಕಾರು ನಮ್ಮದಲ್ಲ. ಸ್ವಿಫ್ಟ್‌ಗೆ ಒಳ್ಳೇ ಟೈರ್ ಹಾಕ್ಕೊಂಡು ಓಡಾಡೋನು ಮಂಡಗದ್ದೇಲಿ ನಮಗಿಂತ ದೊಡ್ಡ ಮನುಷ್ಯ.

ಪೋಸ್ಟ್ 6

ಫೋಟೋ: 17 ಇಂಚಿನ ಟೈರು, ಪಕ್ಕದಲ್ಲಿ 19 ಇಂಚಿಂದು. ಸ್ಕೇಲ್ ಇಟ್ಟಿದ್ದೀನಿ ನೋಡಿ.

ಈ ಪೋಸ್ಟಿಗೆ ನೀವೆಲ್ಲ ಬಯ್ತೀರ ಅಂತ ಗೊತ್ತು. ದೊಡ್ಡ ರಿಮ್ಮು, ತೆಳ್ಳಗಿನ ಟೈರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಇಲ್ಲ ಅನ್ನಲ್ಲ.

ಅಣ್ಣನ ಕಾರಿಗೆ ಕಂಪನಿ ಕೊಟ್ಟ ಸೈಜು 225/50 ಆರ್17. ಅಂದ್ರೆ ಟೈರಿನ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 50 ಪರ್ಸೆಂಟ್, ರಿಮ್ 17 ಇಂಚು. ಗೋಡೆ ಎತ್ತರ ಹತ್ತಿರ ಹತ್ತಿರ 112 ಮಿಲಿಮೀಟರ್. ಅಣ್ಣ ನೋಡಿ ಬಂದಿರೋದು 225/35 ಆರ್19. ಗೋಡೆ 79 ಮಿಲಿಮೀಟರ್. ಮೂರು ಸೆಂಟಿಮೀಟರಿಗಿಂತ ಜಾಸ್ತಿ ರಬ್ಬರು, ಗಾಳಿ ಎರಡೂ ಮಾಯ.

ಆ ಮೂರು ಸೆಂಟಿಮೀಟರ್ ಸುಮ್ನೆ ಇರೋದಲ್ಲ. ಗುಂಡಿಗೆ ಬಿದ್ದಾಗ ಏಟು ಮೊದಲು ಅದು ತಗೊಳ್ಳುತ್ತೆ. ಅದಿಲ್ಲ ಅಂದ್ರೆ ಗುಂಡಿಯ ಅಂಚು ಮತ್ತು ರಿಮ್ಮಿನ ಮಧ್ಯ ಟೈರಿನ ಗೋಡೆ ಅಪ್ಪಚ್ಚಿ. ಒಳಗಿನ ನೂಲು ಹರಿದು ಪಕ್ಕದಲ್ಲಿ ಬುಗ್ಗೆ ಬರುತ್ತೆ. ಬುಗ್ಗೆ ಬಂದ ಟೈರಿಗೆ ರಿಪೇರಿ ಇಲ್ಲ. ಎಷ್ಟು ಬೇಡ್ಕೊಂಡ್ರೂ ಚಿಕ್ಕಪ್ಪ ಅದಕ್ಕೆ ಕೈ ಹಾಕಲ್ಲ. "ಥ್ರೆಡ್ಡಲ್ಲಿ ಮೊಳೆ ಚುಚ್ಚಿದ್ರೆ ಪಂಚರ್ ಹಾಕ್ತೀನಿ, ಗೋಡೇಲಿ ಗಾಯ ಆದ್ರೆ ಪಾಪ ಕಟ್ಕೊಳ್ಳಲ್ಲ" ಅಂತಾರೆ.

ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳು ಹೇಗಿರ್ತವೆ ಅಂತ ಫೋಟೋ ಹಾಕ್ಬೇಕಾ? ಜರ್ಮನಿಯ ಆಟೋಬಾನಿಗೆ ಸರಿ ಹೋಗೋ ಟೈರನ್ನ ತಂದು ನಮ್ಮ ಗುಂಡಿಗೆ ಇಳಿಸೋದು, ರೇಷ್ಮೆ ಪಂಚೆ ಉಟ್ಕೊಂಡು ಗದ್ದೆ ನಾಟಿಗೆ ಇಳಿದ ಹಾಗೆ.

"ಎಲ್ಲರೂ ಹಾಕ್ಸಿದ್ದಾರಲ್ಲ" ಅಂತೀರಾ? ಹಾಕ್ಸಿದೋರು ರಿಮ್ ಬೆಂಡಾದ ದಿನ ಸ್ಟೋರಿ ಹಾಕಲ್ಲ. ನಾವು ನೋಡೋದು ಹಾಕ್ಸಿದ ದಿನದ ಫೋಟೋ ಮಾತ್ರ. ಇನ್‌ಸ್ಟಾದಲ್ಲಿ ಯಾವ ಟೈರೂ ಸಿಡಿಯಲ್ಲ.

ಪೋಸ್ಟ್ 7

ಫೋಟೋ: ಸೈಜಿನ ಪಕ್ಕದಲ್ಲಿರೋ 94 ಡಬ್ಲ್ಯು.

ಭದ್ರಾವತಿ ಹುಡುಗರೇ, ಇದು ನಿಮಗೆ. ನಿಮ್ಮೂರಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದಾರೆ. ನಿಮ್ಮ ತಾತಂದಿರು ಫ್ಯಾಕ್ಟರಿ ಸೈರನ್ ಕೇಳಿ ಎದ್ದೋರು. ಎಲ್ಲ ಸ್ಟೀಲೂ ಒಂದೇ ಅಂತ ಅವರ ಮುಂದೆ ಹೇಳಿ ನೋಡಿ, ಕಪಾಳಕ್ಕೆ ಬೀಳುತ್ತೆ. ಗ್ರೇಡ್ ನೋಡದೆ ಸ್ಟೀಲ್ ತಗೊಳ್ಳಲ್ಲ. ಹಾಗಿದ್ಮೇಲೆ ಗ್ರೇಡ್ ನೋಡದೆ ಟೈರ್ ಯಾಕೆ ತಗೋತೀರ?

94 ಅನ್ನೋದು ಭಾರದ ಕೋಡು. 94 ಅಂದ್ರೆ ಒಂದು ಟೈರು 670 ಕೆಜಿ ಹೊರುತ್ತೆ. ಅಣ್ಣ ಆಸೆ ಪಡ್ತಿರೋ 19 ಇಂಚಿನ ಟೈರಿನ ಮೇಲೆ 88 ಅಂತಿದೆ. ಅಂದ್ರೆ 560 ಕೆಜಿ. ಒಂದೊಂದು ಟೈರಿಗೆ 110 ಕಮ್ಮಿ, ನಾಲ್ಕಕ್ಕೆ 440 ಕೆಜಿ. ಮದುವೆ ದಿನ ಕಾರಲ್ಲಿ ಯಾರ್ಯಾರು ಕೂರ್ತಾರೆ? ಅಕ್ಕ, ಭಾವ, ಅತ್ತೆ, ಜೊತೆಗೆ ಇನ್ನೊಬ್ರು. ಡಿಕ್ಕಿ ತುಂಬ ಸೂಟ್‌ಕೇಸು, ಹಿತ್ತಾಳೆ ಪಾತ್ರೆ. ಕಾರು ಅತಿ ಹೆಚ್ಚು ಭಾರ ಹೊರೋ ದಿನಕ್ಕೇ ಅತಿ ಕಮ್ಮಿ ಭಾರ ಹೊರೋ ಟೈರು ಹುಡುಕಿ ತಂದಿದ್ದಾನೆ ನಮ್ಮಣ್ಣ.

ಡಬ್ಲ್ಯು ಅನ್ನೋದು ವೇಗದ ಕೋಡು. ಎಚ್ ಅಂದ್ರೆ 210, ವಿ ಅಂದ್ರೆ 240, ಡಬ್ಲ್ಯು ಅಂದ್ರೆ 270, ವೈ ಅಂದ್ರೆ 300 ಕಿಲೋಮೀಟರ್. "ನಾವೇನು 270ಕ್ಕೆ ಹೋಗ್ತೀವಾ" ಅಂತ ನಗ್ಬೇಡಿ. ಆ ವೇಗದ ಬಿಸಿ ತಡೆಯೋ ಹಾಗೆ ಕಟ್ಟಿದ ಟೈರು ಅಂತ ಅದರ ಅರ್ಥ. ಕಾರಿನ ಪುಸ್ತಕ ಏನು ಕೇಳುತ್ತೋ ಅದಕ್ಕಿಂತ ಕೆಳಗಿಳಿಯೋದು ಬೇಡ, ಅಷ್ಟೇ.

ಪುಸ್ತಕ ಕಳೆದುಹೋಗಿದೆಯಾ? ಡ್ರೈವರ್ ಬಾಗಿಲು ತೆಗೀರಿ. ಅಲ್ಲೊಂದು ಸ್ಟಿಕ್ಕರ್ ಇದೆ. ಸೈಜು, ಗಾಳಿ, ಇಬ್ರು ಕೂತ್ರೆ ಎಷ್ಟು, ಕಾರು ತುಂಬಿದ್ರೆ ಎಷ್ಟು, ಎಲ್ಲ ಬರೆದಿರುತ್ತೆ. ಇಷ್ಟು ದಿನ ಆ ಬಾಗಿಲು ತೆಗೆದು ಹಾಕಿ ಮಾಡಿದ್ದೀವಿ, ಆ ಸ್ಟಿಕ್ಕರ್ ಒಬ್ರೂ ಓದಿಲ್ಲ.

ಪೋಸ್ಟ್ 8

ಫೋಟೋ: ಟೈರಿನ ಮೇಲಿನ ಚಿಕ್ಕ ನಕ್ಷತ್ರ.

ಈಗ ಇನ್ನೊಂದು ಕಡೆಯೋರಿಗೂ ಎರಡು ಮಾತು. "ಇಂಪೋರ್ಟೆಡ್ ಬಿಟ್ಟು ಬೇರೆ ಹಾಕಿದ್ರೆ ಕಾರು ಹಾಳು" ಅನ್ನೋರು.

ಬಿಎಂಡಬ್ಲ್ಯುಗೆ ಅಂತ ಮಾಡಿದ ಟೈರಿನ ಮೇಲೆ ನಕ್ಷತ್ರ ಇರುತ್ತೆ. ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಕಾರು ಕಂಪನಿ, ಟೈರ್ ಕಂಪನಿ ಕೂತು ಆ ಕಾರಿಗೆ ಹೊಂದಿಸಿದ್ದು ಅಂತ ಅರ್ಥ. ಒಳ್ಳೇದೇ. ದುಡ್ಡಿದ್ರೆ ಹಾಕ್ಸಿ. ಆದ್ರೆ ಅದು ಶಾಸ್ತ್ರವಾಕ್ಯ ಅಲ್ಲ. 2023ರಲ್ಲಿ ತಯಾರಾದ ನಕ್ಷತ್ರದ ಟೈರಿಗಿಂತ 2018ರ ನಕ್ಷತ್ರದ ಟೈರು ಕಳಪೆಯೇ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡ್ತು. ಅಪರೂಪದ ಸೈಜು ಕೇಳಿದಾಗ "ಒಂದೇ ಸೆಟ್ ಇದೆ ಸಾರ್" ಅಂದ್ರೆ ಖುಷಿ ಪಡೋ ಮುಂಚೆ ಆ ನಾಲ್ಕು ಅಂಕಿ ನೋಡಿ.

ರನ್‌ಫ್ಲಾಟ್ ಅಂದ್ರೆ ಗೋಡೆ ಗಟ್ಟಿ ಇರೋ ಟೈರು. ಗಾಳಿ ಪೂರ್ತಿ ಹೋದ್ರೂ ಸಾಮಾನ್ಯವಾಗಿ 80 ಕಿಲೋಮೀಟರ್ ವೇಗ ಮೀರದೆ 80 ಕಿಲೋಮೀಟರ್ ದೂರ ಹೋಗ್ಬಹುದು. ಅದನ್ನ ನಂಬಿ ಕಾರಿಗೆ ಸ್ಟೆಪ್ನಿ ಕೊಟ್ಟಿರಲ್ಲ. ರೇಟು ಜಾಸ್ತಿ, ಕುಲುಕಾಟ ಜಾಸ್ತಿ. ಸಾಧಾರಣ ಟೈರಿಗೆ ಬದಲಾಯಿಸೋರು ಬೇಕಾದಷ್ಟು ಜನ ಇದ್ದಾರೆ. ಬದಲಾಯಿಸಿದ್ರೆ ನಾಲ್ಕೂ ಬದಲಾಯಿಸಿ. ಡಿಕ್ಕೀಲಿ ಸ್ಟೆಪ್ನಿ, ಇಲ್ಲಾಂದ್ರೆ ಗಾಳಿ ಪಂಪು ಮತ್ತು ಪಂಚರ್ ಕಿಟ್ ಇಟ್ಕೊಳ್ಳಿ. ಆಗುಂಬೆ ಕಾಡಲ್ಲಿ ರಾತ್ರಿ ನೆಟ್‌ವರ್ಕೂ ಇಲ್ಲದೆ ನಿಂತ್ಕೋಬೇಡಿ.

ಇನ್ನು ನಮ್ಮ ದೇಶದ ಟೈರು. ಕೀಳಾಗಿ ನೋಡೋದು ಬಿಡಿ. ಮೈಸೂರಿನ ವಿಕ್ರಾಂತ್ ನಮ್ಮ ಅಪ್ಪಂದಿರ ಕಾಲದ ಹೆಸರು. 1997ರಲ್ಲಿ ಅದು ಜೆಕೆ ಕೈಗೆ ಹೋಯ್ತು. ಅಪೋಲೋದೋರು 2009ರಲ್ಲಿ ಹಾಲೆಂಡಿನ ವ್ರೆಡೆಸ್ಟೈನ್ ಕಂಪನಿಯನ್ನೇ ಕೊಂಡ್ಕೊಂಡ್ರು. ಐಎಸ್‌ಐ ಗುರುತು, ಐಎಸ್ 15633 ಅನ್ನೋ ನಂಬರು ಇದೆಯಾ ನೋಡಿ. 2022ರಲ್ಲಿ ಕೇಂದ್ರ ಸಾರಿಗೆ ಇಲಾಖೆ ಒದ್ದೆ ರಸ್ತೆಯ ಹಿಡಿತಕ್ಕೂ ಎಐಎಸ್-142 ಅಂತ ಮಾನದಂಡ ಕಡ್ಡಾಯ ಮಾಡೋ ಅಧಿಸೂಚನೆ ತಂತು. ಅಂದ್ರೆ ಮಳೇಲಿ ಹಿಡಿಯುತ್ತಾ ಅನ್ನೋದು ಈಗ ಕಾನೂನಿನ ಪ್ರಶ್ನೆ. ಮೈಲೇಜ್ ಎಷ್ಟು ಅಂತ ಕೇಳೋ ಮುಂಚೆ ವೆಟ್ ಗ್ರಿಪ್ ಹೇಗೆ ಅಂತ ಕೇಳಿ. ಮಲೆನಾಡಿನೋರು ನಾವು, ನಮ್ಮ ಮೊದಲ ಪ್ರಶ್ನೆ ಅದೇ ಆಗ್ಬೇಕು.

ಪೋಸ್ಟ್ 9

ಫೋಟೋ: ಮುಂದೆ ಹೊಸದು, ಹಿಂದೆ ಬೋಳು. ಯಾರದ್ದೋ ಕಾರು, ನಂಬರ್ ಮುಚ್ಚಿದ್ದೀನಿ.

ಮನೇಲಿ ಮೊನ್ನೆ ದೊಡ್ಡಪ್ಪ ರಾಜಿ ಸೂತ್ರ ತಂದ್ರು: "ಸದ್ಯಕ್ಕೆ ಎರಡು ಹೊಸದು ಹಾಕ್ಸೋಣ, ಮುಂದಕ್ಕೆ." ಎಲ್ಲ ಮನೇಲೂ ಇದೇ ಮಾತು. ಸ್ಟೇರಿಂಗ್ ತಿರುಗೋದು ಮುಂದೆ, ಬ್ರೇಕ್ ಹಿಡಿಯೋದು ಜಾಸ್ತಿ ಮುಂದೆ, ಹಾಗಾಗಿ ಹೊಸದು ಮುಂದೆ. ಕೇಳೋಕೆ ಸರಿ ಅನ್ಸುತ್ತೆ.

ತಪ್ಪು. ದೊಡ್ಡಪ್ಪಂಗೆ ಎದುರು ಮಾತಾಡೋದು ಕಷ್ಟ, ಅದಕ್ಕೇ ಇಲ್ಲಿ ಬರೀತಿದ್ದೀನಿ, ಕ್ಷಮಿಸಿ ದೊಡ್ಡಪ್ಪ. ನೀರಲ್ಲಿ ಮುಂದಿನ ಟೈರು ಜಾರಿದ್ರೆ ಕಾರು ನೆಟ್ಟಗೆ ಹೋಗುತ್ತೆ. ಡ್ರೈವರ್‌ಗೆ ಗೊತ್ತಾಗುತ್ತೆ, ಕಾಲು ತೆಗೀತಾರೆ, ಕಾರು ಮತ್ತೆ ಹಿಡಿತಕ್ಕೆ ಬರುತ್ತೆ. ಹಿಂದಿನ ಟೈರು ಜಾರಿದ್ರೆ ಹಿಂಭಾಗ ಮುಂದಕ್ಕೆ ಬರುತ್ತೆ, ಕಾರು ಗಿರಕಿ ಹೊಡೆಯುತ್ತೆ. ನಮ್ಮಂಥೋರ ಕೈಲಿ ಅದನ್ನ ಸರಿ ಮಾಡೋಕಾಗಲ್ಲ. ಮಂಡಗದ್ದೇಲಿ ನಾನು ಮರ ನೋಡಿದ್ದು ಹೀಗೇ. ಅದಕ್ಕೇ ಎರಡೇ ಹಾಕ್ಸೋದಾದ್ರೆ ಹೊಸದು ಹಿಂದಕ್ಕೆ ಅಂತ ಮಿಷೆಲಿನ್‌ನಂಥ ಟೈರ್ ಕಂಪನಿಗಳೇ ಹೇಳೋದು. ನಮ್ಮ ಕೇಸಲ್ಲಿ ಅದೂ ಆಗಲ್ಲ. ನಾಲ್ಕೂ 1416.

ಇನ್ನೊಂದು ಸಮಾಧಾನ: "ನೈಟ್ರೋಜನ್ ಹಾಕ್ಸಿದ್ದೀವಿ." ಒಳ್ಳೇದು. ನೀವು ಉಸಿರಾಡೋ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ವಿಮಾನಕ್ಕೆ ಅದು ಬೇಕು, ಕಾರಣ ಇದೆ. ನಮಗೆ ಬೇಕಾಗಿರೋದು ಗಾಳಿ ಯಾವುದು ಅನ್ನೋದಲ್ಲ, ಎಷ್ಟಿದೆ ಅನ್ನೋದು. ತಣ್ಣಗಿರೋವಾಗ, ಬೆಳಿಗ್ಗೆ, ಓಡಿಸೋ ಮುಂಚೆ ನೋಡ್ಬೇಕು.

ಮತ್ತೆ "ಥ್ರೆಡ್ ಇನ್ನೂ ಇದೆಯಲ್ಲ" ಅನ್ನೋರಿಗೆ: ಗಾಡಿಯ ಒಳಗೆ ಅಡ್ಡಡ್ಡ ಚಿಕ್ಕ ದಿಬ್ಬ ಇದೆ ನೋಡಿ. ಅದರ ಎತ್ತರ 1.6 ಮಿಲಿಮೀಟರ್. ಥ್ರೆಡ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದ್ರೆ ಟೈರು ಮುಗೀತು. ಅದು ಕೊನೇ ಗಡಿ. ಗಡಿ ಮುಟ್ಟೋವರೆಗೂ ಕಾಯಿರಿ ಅಂತಲ್ಲ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ. ಆ ನೀರನ್ನ ಒಂದೂವರೆ ಮಿಲಿಮೀಟರ್ ಗಾಡೀಲಿ ಸಾಗಿಸ್ತೀರಾ?

ಪೋಸ್ಟ್ 10

ಫೋಟೋ: ಆಗುಂಬೆ ಘಾಟಿಯ ತಿರುವು. ಹೋದ ವರ್ಷ ತೆಗೆದಿದ್ದು.

ಹದಿನಾಲ್ಕು ತಿರುವು. ಕಾರ್ತಿಕದಲ್ಲಿ ಮಳೆ ಬರಲ್ಲ ಅಂತ ಯಾರೂ ಬರ್ಕೊಡಲ್ಲ. ಕತ್ತಲಾಗಿರುತ್ತೆ, ಮಂಜಿರುತ್ತೆ, ಹಿಂದಿನ ಸೀಟಲ್ಲಿ ಅಕ್ಕ ತವರು ಬಿಟ್ಟು ಬಂದ ಅಳುವಲ್ಲಿರ್ತಾಳೆ. ಆ ಹೊತ್ತಲ್ಲಿ ಅವಳ ಪ್ರಾಣ ಹಿಡ್ಕೊಂಡಿರೋದು ನಾಲ್ಕು ಅಂಗೈ ರಬ್ಬರು. ಲೋಗೋ ಅಲ್ಲ. ಹೂವಲ್ಲ. ಬಾನೆಟ್ ಮೇಲಿನ ಗೊಂಬೆ ಅಲ್ಲ.

ಅಣ್ಣಾ, ನಿನ್ನ ಮೇಲೆ ಸಿಟ್ಟಿಲ್ಲ. ಆ ಕಾರು ತಂದ ದಿನ ಊರಿಗೆಲ್ಲ ಸಿಹಿ ಹಂಚಿದ್ದು ನಾನೇ. ನೀನು ಕಷ್ಟಪಟ್ಟು ದುಡಿದು ತಂದಿದ್ದು, ಹೆಮ್ಮೆ ಇದೆ. ಅದಕ್ಕೇ ಹೇಳ್ತಿರೋದು. ರಿಮ್ ಬೇಡ. 17 ಇಂಚೇ ಇರ್ಲಿ. ಆ 85,000ದಲ್ಲಿ ನಾಲ್ಕು ಹೊಸ ಟೈರು ಬರುತ್ತೆ, ಅಲೈನ್‌ಮೆಂಟ್ ಆಗುತ್ತೆ, ಸ್ಟೆಪ್ನಿ ಬರುತ್ತೆ, ಉಳಿದಿದ್ರಲ್ಲಿ ಅಕ್ಕನಿಗೆ ಒಂದು ಸೀರೆ ಬರುತ್ತೆ. ಹಳೇ ನಾಲ್ಕನ್ನ ಯಾರಿಗೂ ಮಾರ್ಬೇಡ. ಗೋಡೆ ಕುಯ್ದು ಹಾಕ್ತೀನಿ ಅಂತ ಚಿಕ್ಕಪ್ಪ ಹೇಳಿದ್ದಾರೆ. ನಮ್ಮ 1416 ಇನ್ನೊಬ್ಬ ತಮ್ಮನ ಕಾರಿಗೆ ಹೋಗೋದು ಬೇಡ.

ಉಳಿದೋರಿಗೆ, ಸೇವ್ ಮಾಡ್ಕೊಳ್ಳಿ:

1. ಡೇಟ್ ನೋಡಿ. ಕೊನೇ ನಾಲ್ಕು ಅಂಕಿ. ಹೊಸದು ಅಂತ ಕೊಡೋದು ಒಂದು ವರ್ಷದ ಒಳಗಿನದ್ದಾಗಿರ್ಲಿ.
2. ಸೈಜು, ಭಾರದ ಕೋಡು, ವೇಗದ ಕೋಡು ಕಾರಿನ ಪುಸ್ತಕಕ್ಕಿಂತ ಕಮ್ಮಿ ಬೇಡ.
3. ನಾಲ್ಕೂ ಒಂದೇ ಕಂಪನಿ, ಒಂದೇ ಮಾಡೆಲ್. ಎರಡೇ ಆದ್ರೆ ಹೊಸದು ಹಿಂದಕ್ಕೆ.
4. ಮೊದಲು ಒದ್ದೆ ರಸ್ತೆ ಹಿಡಿತ, ಆಮೇಲೆ ಮೈಲೇಜು, ಕೊನೆಗೆ ಲುಕ್ಕು.
5. ಗಾಳಿ ತಿಂಗಳಿಗೆರಡು ಸಲ, ತಣ್ಣಗಿದ್ದಾಗ. ಘಾಟಿಗೆ ಹೋಗೋ ಮುಂಚೆ ತಪ್ಪದೆ.
6. ಟೈರು ಎಷ್ಟೇ ಒಳ್ಳೇದಿರ್ಲಿ, ಮಳೇಲಿ ನಿಧಾನ. ಹಿಂದೆ ಕೂತೋರೂ ಬಾಯಿ ಬಿಟ್ಟು ಹೇಳಿ. ನಾನು ಅವತ್ತು ಹೇಳ್ಲಿಲ್ಲ.

ಈಗ ಫೋನ್ ಕೆಳಗಿಡಿ. ಮನೆ ಮುಂದೆ ನಿಂತಿರೋ ಗಾಡಿ ಹತ್ರ ಹೋಗಿ. ಅಪ್ಪನ ಕಾರು, ಮಾವನ ಓಮ್ನಿ, ನಿಮ್ಮದೇ ಬೈಕು, ಯಾವುದಾದ್ರೂ ಸರಿ. ಬಗ್ಗಿ, ಬೇಕಾದ್ರೆ ಮಲಗಿ, ಆ ನಾಲ್ಕು ಅಂಕಿ ಹುಡುಕಿ. ಕಮೆಂಟಲ್ಲಿ ಬೆಂಕಿ ಎಮೋಜಿ ಹಾಕ್ಬೇಡಿ, ಆ ಅಂಕಿ ಹಾಕಿ.

ಭಾನುವಾರ ಏನಾಯ್ತು ಅಂತ ಸ್ಟೋರೀಲಿ ಹಾಕ್ತೀನಿ.

#ಸೋಗಾನೆ #ಶಿವಮೊಗ್ಗ #ಭದ್ರಾವತಿ #ಮಲೆನಾಡಮಳೆ #ಟೈರ್‌ನೋಡಿ #ನಾಲ್ಕುಅಂಕಿ